ಗಾಳಿ ರಿಪೇರಿಯವನ ಮನೆ

ಮೊದಲು ಬೈದದ್ದು ಲ್ಯಾಪ್‌ಟಾಪಿಗೆ.
ಹಳೆಯದು, ರೋಲಾದ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ
ನಾನೂರೈವತ್ತು ದಿರಂ ಕೊಟ್ಟು ತಂದದ್ದು,
ಕೀಲಿಗಳ ಮೇಲೆ ಅರಬ್ಬಿ ಅಕ್ಷರ, ಒಂದು ಮೂಲೆ ಒಡೆದಿದೆ;
ಬೈಸಿಕೊಳ್ಳಲು ಯೋಗ್ಯ.

ಶಶಿರೇಖಾ ಪರದೆ ನನ್ನತ್ತ ತಿರುಗಿಸಿದಳು:
"ಕಾಣಿ, ಮತ್ತೂ ಅದೇ ಬುಗುರಿ."
ನೀಲಿ ಬುಗುರಿ. ಚಾಟಿಯಿಲ್ಲ, ನೆಲವಿಲ್ಲ,
ಸಂಜೆಯಿಂದ ತಿರುಗುತ್ತಲೇ ಇದೆ.
ಶನಿವಾರ ಎಂಟಕ್ಕೆ ಅವಳ ಲೆಕ್ಕಪತ್ರದ ಪರೀಕ್ಷೆ.
ಕ್ಯಾಮೆರಾ ಅರ್ಧ ನಿಮಿಷ ಕಣ್ಣು ಮುಚ್ಚಿದರೆ
ಫೀಸೂ ಹೋಯಿತು, ವರ್ಷವೂ ಹೋಯಿತು.

ನನ್ನ ಕೆಲಸವೇ ಗಾಳಿಯದು.
ಹದಿನಾಲ್ಕು ವರ್ಷ ಈ ಶಾರ್ಜಾದ
ಫಾಲ್ಸ್ ಸೀಲಿಂಗುಗಳ ಮೇಲೆ ಹೊಟ್ಟೆಯಲ್ಲಿ ತೆವಳಿದ್ದೇನೆ,
ಡಕ್ಟಿನೊಳಗಿಂದ ಸತ್ತ ಪಾರಿವಾಳ, ಯಾರೋ ಮರೆತ ಚಪ್ಪಲಿ,
ಒಮ್ಮೆ ಒಂದಿಡೀ ಮದುವೆ ಆಲ್ಬಂ ತೆಗೆದಿದ್ದೇನೆ.
ಗಾಳಿ ಬರುತ್ತಿಲ್ಲವೆಂದರೆ
ಎಲ್ಲೋ ತಡೆದಿದೆ, ಇಲ್ಲ ಎಲ್ಲೋ ಸೋರಿದೆ.
ಮೂರನೆಯದು ಇಲ್ಲ.

ಹಾಗೇ ಹುಡುಕಿದೆ.
ಆಫ್ ಮಾಡಿ ಆನ್ ಮಾಡಿದೆ; ಊದುಬತ್ತಿ ಹಚ್ಚಿದ ಹಾಗೆ,
ಫಲ ಕೇಳಬಾರದು, ಬಿಡಲೂ ಬಾರದು.
ಹಿಂದಿನಿಂದ ಕದ್ದು ಇಳಿಯುತ್ತಿದ್ದ ಅಪ್‌ಡೇಟ್ ನಿಲ್ಲಿಸಿದೆ.
ಪಟ್ಟಿ ತೆರೆದು ನೋಡಿದರೆ
ಇಪ್ಪತ್ತೇಳು ಮನೆಗಳ ವೈಫೈ, ಬಹುಪಾಲು
ಆರನೇ ಚಾನೆಲ್ಲಿನಲ್ಲೇ ಭುಜಕ್ಕೆ ಭುಜ ತಾಗಿಸಿ ನಿಂತಿವೆ
ಬೆಳಗಿನ ಐದರ ಲೇಬರ್ ಬಸ್ಸಿನ ಹಾಗೆ:
ಅಬು ಸೈಫ್, ಕೊಲ್ಲಂ ಕಿಂಗ್, ಪಾಸ್‌ವರ್ಡ್ ಕೇಳಬೇಡ.
ರೌಟರ್ ಮುಖ್ತಾರ್ ಭಾಯಿಯದು. ಫ್ಲ್ಯಾಟ್ ಹಿಡಿದವರೂ ಅವರೇ,
ನಾವು ಅವರ ಹಾಲಿನ ಜಿಪ್ಸಂ ಗೋಡೆಯಾಚೆ.
ಅವರನ್ನು ಒಪ್ಪಿಸಿ ಹನ್ನೊಂದಕ್ಕೆ ಬದಲಿಸಿದೆ.
ಸೂಜಿ ಮೂರರಿಂದ ನಾಲ್ಕಕ್ಕೆ ಬಂತು,
ನಾಚಿಕೊಂಡು ವಾಪಸು ಹೋಯಿತು.

ಲ್ಯಾಪ್‌ಟಾಪು ಎತ್ತಿಕೊಂಡು ಹಾಲಿಗೆ ನಡೆದೆ,
ಜ್ವರದ ಮಗುವನ್ನು ಹೊರಗಿನ ಗಾಳಿಗೆ ಒಯ್ದಂತೆ.
ಅಲ್ಲಿ ನಲವತ್ತೆಂಟು!
ಬಾಗಿಲು ದಾಟಿ ಒಳಗೆ, ಮೂರು.
ಹೊರಗೆ, ನಲವತ್ತೆಂಟು.
ಹೀಗೆ ಆರು ಸಲ ಹೊಸ್ತಿಲು ದಾಟಿದೆ.
ಮುಖ್ತಾರ್ ಭಾಯಿಯ ಮಗ ತೌಸೀಫ್
ಹದಿನೇಳರ ಮಗ್ಗಿ ನಿಲ್ಲಿಸಿ ನನ್ನನ್ನೇ ನೋಡಿದ.

ಆಗ ಗೋಡೆ ಕಂಡಿತು.
ಮೂರು ವರ್ಷದ ಕೆಳಗೆ ನಾನೇ ಹೊದಿಸಿದ ಗೋಡೆ.
ಸೈಟಿನಲ್ಲಿ ಉಳಿದ ಡಕ್ಟ್ ಇನ್ಸುಲೇಷನ್, ಬೆಳ್ಳಿ ಬಣ್ಣದ ಫಾಯಿಲ್,
ಹಾಲಿನ ಪಡುವಣ ಗಾಜಿನ ಕಾವು ಬಾರದಿರಲೆಂದು,
ಅವರ ಟಿವಿ, ಅವರ ಕೆಮ್ಮು, ಅವರ ಜಗಳ ಬಾರದಿರಲೆಂದು
ಮೂಲೆಮೂಲೆಗೂ ಟೇಪು ಹೊಡೆದು
ಮೇಲೆ ಹೂವಿನ ವಾಲ್‌ಪೇಪರ್ ಅಂಟಿಸಿ ಮರೆತಿದ್ದೆ.
ಸೂಜಿಮೊನೆಯಷ್ಟೂ ಸೋರದ ಕೆಲಸ.
ಸೂಪರ್‌ವೈಸರ್ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ.

"ಊರಿಗೆ ಉಪಕಾರಿ," ಅಂದಳು ಶಶಿರೇಖಾ.
ಉಳಿದರ್ಧ ಹೇಳಲಿಲ್ಲ.
ಕಟರ್ ತಂದುಕೊಟ್ಟಳು.

ಪೂರ್ತಿ ಕಿತ್ತರೆ ಜುಲೈ ಒಳಗೆ ಬರುತ್ತದೆ.
ಅವಳ ಮೇಜಿನ ನೇರಕ್ಕೆ, ರೌಟರಿನ ನೇರಕ್ಕೆ
ಕ್ಯಾಲೆಂಡರಿನಷ್ಟು ಅಗಲ ಕತ್ತರಿಸಿದೆ.
ಹೂಗಳ ನಡುವೆ ಬೂದು ಜಿಪ್ಸಂ. ಕೈಯಿಟ್ಟೆ,
ಆಗಲೇ ಬೆಚ್ಚಗಿತ್ತು.
"ಕನಕನ ಕಿಂಡಿ," ಎಂದು ನಕ್ಕಳು.
ಸೂಜಿ ಮೂವತ್ತೊಂದಕ್ಕೆ ಏರಿ ಅಲ್ಲೇ ಕೂತಿತು.
ಬುಗುರಿ ಬಿತ್ತು.

ಆ ರಾತ್ರಿಯಿಂದ ಎಲ್ಲ ಕೇಳತೊಡಗಿತು.
ಮುಖ್ತಾರ್ ಭಾಯಿಯ ಕೆಮ್ಮು
ಇಷ್ಟು ಒಣಕಲೆಂದು ಗೊತ್ತಿರಲಿಲ್ಲ.
ತೌಸೀಫ್ ಹದಿನೇಳು ಎಂಟರಲ್ಲಿ ಪ್ರತಿ ಸಲ ಎಡವುತ್ತಾನೆ,
ಶಶಿರೇಖಾ ಇಲ್ಲಿಂದಲೇ ಮೆಲ್ಲಗೆ ತಿದ್ದುತ್ತಾಳೆ.
ನಮ್ಮದೂ ಅವರಿಗೆ ಕೇಳುತ್ತಿದ್ದಿರಬೇಕು:
ಅವಳು ಬಾಯಿಪಾಠ ಮಾಡುವ ಡೆಬಿಟ್ಟು ಕ್ರೆಡಿಟ್ಟು,
ನಡುರಾತ್ರಿ ನಾವು ಎಣಿಸುವ ದಿರಂ.

ಶನಿವಾರ ಏಳೂಮುಕ್ಕಾಲಿಗೆ
ಹಾಲಿನ ಟಿವಿ ತಾನಾಗಿ ಆರಿತು.
ಮಿಕ್ಸಿ ಅರ್ಧಕ್ಕೇ ನಿಂತಿತು.
"ಚುಪ್, ಭಾಭಿ ಕಾ ಇಮ್ತಿಹಾನ್ ಹೈ."
ದಿನ ನಾವು ಯಾರಿಗೂ ಹೇಳಿರಲಿಲ್ಲ.

ಚೀಲ ಹೆಗಲಿಗೇರಿಸಿ, ಸ್ಪಾನರುಗಳು ಸದ್ದು ಮಾಡದಂತೆ ಅವುಚಿ
ತುದಿಗಾಲಲ್ಲಿ ಹೊರಬಿದ್ದೆ.
ಅಲ್ ನಾಹ್ದಾದಲ್ಲಿ, ಏಳನೇ ಮಹಡಿಯಲ್ಲಿ,
ಯಾರಿಗೋ ಗಾಳಿ ಬರುತ್ತಿಲ್ಲವಂತೆ.