ಹೊರಗೊಂದು ಹೊಟ್ಟೆ

ಅರವತ್ತೆರಡನೆಯ ವರ್ಷದ ಮಾಗಿಯಲ್ಲಿ
ಹಾಲು ಬೆಲಾರ್ಮಿನೊನ ಮೇಲೆ ಮುನಿಸಿಕೊಂಡಿತು.

ಮೊದಲು ನಾನು ಬೈದದ್ದು ಬಿಳಿ ಬೀನ್ಸನ್ನು,
ಆಮೇಲೆ ಸೇಬಿನ ಹುಳಿಮದ್ಯವನ್ನು,
ಆಮೇಲೆ, ನಾಚಿಕೆಯಿಲ್ಲದೆ, ಅವನ ತಮ್ಮನನ್ನು.
ಗಡಿಗೋಡೆಯನ್ನು ಮೂರಡಿ ಇತ್ತ ಸರಿಸಿದ ತಮ್ಮನನ್ನು
ಇವನು ಹೊಟ್ಟೆಗೆ ಹಾಕಿಕೊಂಡು ಇಪ್ಪತ್ತು ವರ್ಷ;
ಅರಗದ ಆ ಕಲ್ಲುಗಳೇ
ಈಗ ಒಳಗೆ ಉರುಳುತ್ತಿವೆ ಅಂದುಕೊಂಡೆ.

ರಾತ್ರಿ ಅವನ ಹೊಟ್ಟೆಗೆ ಕಿವಿಯಿಟ್ಟರೆ
ಕಾರೆಸ್ ನದಿ ಕಮರಿಯಲ್ಲಿ ತಿರುಗುವ ಸದ್ದು.
"ಕೇಳಬೇಡ, ಒಲಿವಾ," ಅನ್ನುತ್ತಿದ್ದ,
"ಮನೆಯೊಳಗಿನ ಜಗಳ."

ಓವಿಯೆದೊದ ಆಸ್ಪತ್ರೆಯಲ್ಲಿ ಡಾಕ್ಟರ್ ಹುಡುಗಿ
ಒಂದು ಲೋಟ ಸಿಹಿನೀರು ಕುಡಿಸಿ
ಅರ್ಧ ಗಂಟೆಗೊಮ್ಮೆ ಕೊಳವೆಯಲ್ಲಿ ಊದಿಸಿದಳು.
ಹೊಟ್ಟೆಯ ಗುಟ್ಟನ್ನು ಉಸಿರು ಬಿಟ್ಟುಕೊಡುತ್ತದಂತೆ.
ಮೂರು ಗಂಟೆ ಊದಿದ, ಕೆನ್ನೆಯುಬ್ಬಿಸಿ, ಶ್ರದ್ಧೆಯಿಂದ,
ಊರವರ ಮದುವೆಗೆಲ್ಲ ಬ್ಯಾಗ್‌ಪೈಪ್ ಊದಿದವನು.
ಕೊನೆಗೆ ಕಾಗದದ ಮೇಲೆ ಒಂದು ಗೆರೆ
ನಮ್ಮ ಹಿತ್ತಲ ಬೆಟ್ಟದಂತೆ ಎದ್ದು ನಿಂತಿತ್ತು.

"ಹಾಲಿನ ಸಕ್ಕರೆ ಒಡೆಯುವ ಆಳುಗಳು
ಒಬ್ಬೊಬ್ಬರಾಗಿ ಕೆಲಸ ಬಿಟ್ಟಿದ್ದಾರೆ," ಅಂದಳು.
"ಯಾಕೆ?"
"ವಯಸ್ಸು."
"ಸಂಬಳ ಬಾಕಿ ಇಟ್ಟವನಲ್ಲ ನಾನು."
ಅವಳು ನಗಲಿಲ್ಲ. ನಾನು ನಕ್ಕೆ,
ಬಸ್ಸು ಹತ್ತಿದ ಮೇಲೆ ಅತ್ತೆ.

ಯಾಕೆಂದರೆ ನೀವು ಅವನನ್ನು ಬೆಳಗಿನ ಐದಕ್ಕೆ ನೋಡಿಲ್ಲ.
ಗಲಾನಾಳ ಪಕ್ಕೆಗೆ ಹಣೆಯಾನಿಸಿ ಕರೆದು
ಮೊದಲ ಬಟ್ಟಲನ್ನು ನೊರೆಯ ಸಮೇತ
ನಿಂತಲ್ಲೇ ಇಳಿಸಿ,
ಒರೆಸಿಕೊಳ್ಳದೆ ನನ್ನತ್ತ ತಿರುಗುವವನು.
ಆ ಬಿಳಿ ಮೀಸೆಯನ್ನೇ ನಾನು ಮದುವೆಯಾದದ್ದು.

ಈಗ ಆ ಬಟ್ಟಲು ಗೂಟಕ್ಕೆ ನೇತುಬಿದ್ದಿದೆ.
ಅವನಿಗೆ ಬೆಟ್ಟದ ಸೊಪ್ಪಿನ ಕಷಾಯ, ಬೆಂದ ಸೇಬು,
ಊಟ ಮುಗಿದೊಡನೆ ಕುರ್ಚಿ ಬಿಡಿಸಿ
ಇಗರ್ಜಿಯ ತನಕ ನಡಿಗೆ. ನಾನೂ ಜೊತೆಗೆ.
ನಿಧಾನ ಅಗಿ, ಅಂತ ನಾನು.
ಹಲ್ಲುಗಳೂ ರಾಜೀನಾಮೆ ಬರೆಯುತ್ತಿವೆ, ಅಂತ ಅವನು.
ಮೂವತ್ತೆಂಟು ವರ್ಷದಲ್ಲಿ ಇಷ್ಟು ಮಾತಾಡಿರಲಿಲ್ಲ ನಾವು;
ಉಣ್ಣುವಾಗ ಇಬ್ಬರೂ ತಟ್ಟೆ ನೋಡುತ್ತಿದ್ದೆವು.

ತಾನು ಮಾಡಿದ ಚೀಸನ್ನೂ ಮುಟ್ಟಲು ಹೆದರಿ
ಬೇಸಿಗೆಯೆಲ್ಲ ಮೂಗಿನಿಂದಲೇ ವ್ಯಾಪಾರ ಮಾಡಿದ.
ಹಳೆಯದರಲ್ಲಿ ಆ ಸಕ್ಕರೆ ಉಳಿದಿರುವುದಿಲ್ಲ ಎಂದು
ಡಾಕ್ಟರ್ ಹೇಳಿದ್ದಳು, ಎರಡು ಸಲ.
ಬಿಸಿ ಹಾಲು ಕುಡಿದ ಬೆಕ್ಕು ನಂಬೀತೇ?

ಸೆಪ್ಟೆಂಬರಿನ ಒಂದು ಮಂಜಿನ ದಿನ ಗುಹೆಗಿಳಿದೆವು.
ಸುಣ್ಣಕಲ್ಲಿನ ಬಾಯಿ, ಒದ್ದೆ ಉಸಿರು.
ಹಲಗೆಗಳ ಮೇಲೆ ಏಪ್ರಿಲ್ ತಿಂಗಳ ಹಾಲು
ನೀಲಿ ಹಸಿರು ಬೂಷ್ಟಿನ ಶಾಲು ಹೊದ್ದು
ಮುದುಕಿಯರ ಹಾಗೆ ಸಾಲಾಗಿ ಕೂತಿತ್ತು.
ಒಂದನ್ನು ಎತ್ತಿ, ತಿರುಗಿಸಿ, ತಟ್ಟಿ, ಕಿವಿಗಿಟ್ಟುಕೊಂಡ.

"ಅಂದರೆ," ಕತ್ತಲಿಂದ ಅವನ ದನಿ,
"ನನ್ನೊಳಗೆ ನಿಂತುಹೋದ ಕೆಲಸವನ್ನು
ಈ ಗುಹೆ ಹೊರಗೇ ಮುಗಿಸಿಟ್ಟಿದೆ."
"ಬೂಷ್ಟು," ಅಂತ ತಿದ್ದಿದೆ.
"ಬೂಷ್ಟೋ, ಗುಹೆಯೋ, ಐದು ತಿಂಗಳೋ.
ಹೊರಗೊಂದು ಹೊಟ್ಟೆ ಇದೆ ನನಗೆ.
ಇಷ್ಟು ವರ್ಷ ಅದರ ಬಾಗಿಲಿಗೆ ಬೀಗ ಹಾಕಿ ತೆಗೆದು
ಮಾಡಿದೆ, ಗೊತ್ತಿರಲಿಲ್ಲ."

ಚಾಕುವಿನ ತುದಿಯಲ್ಲಿ ಒಂದು ಚೂರು.
ಕಣ್ಣು ಮುಚ್ಚಿ ಅಗಿದ, ನಾನು ಹೇಳಿದಷ್ಟು ನಿಧಾನ.
ಮೇಲಿನಿಂದ ತೊಟ್ಟೊಂದು ನನ್ನ ಕತ್ತಿಗೆ ಬಿತ್ತು.
ಆ ರಾತ್ರಿ ಕಿವಿಯಿಟ್ಟೆ: ನದಿ ದೂರದಲ್ಲಿತ್ತು,
ಕಿಟಕಿಯಾಚೆ, ಅದರ ಜಾಗದಲ್ಲಿ.

ಆ ಧೈರ್ಯದಲ್ಲೇ ಕೇಳಿದೆ:
"ತಮ್ಮನ ಮನೆಗೂ ಒಂದು ಕಳಿಸೋಣವೇ?"

ಬಹಳ ಹೊತ್ತು ಸೂರು ನೋಡಿದ.
"ಅದಿನ್ನೂ ಹಸಿ," ಅಂದ.
"ಇನ್ನೊಂದು ಚಳಿಗಾಲ ಇರಲಿ."