ಹೊಳಿ ಬಿಡೋ ಸಪ್ಪಳ

ಬೆಟಗೇರಿ ದವಾಖಾನಿಯ ಎಲೀನಾಬಾಯಿಗೆ
ನಮ್ಮಜ್ಜಿ ರಾಹೇಲಮ್ಮ ಅಡಗಿ ಮಾಡತಿದ್ದಳು.
ಕಾಮಣ್ಣನ ಹಲಗಿ ಸುರುವಾತಂದ್ರ
ಬಾಯಿಗೆ ನಿದ್ದಿ ಇಲ್ಲ.
"ಇನ್ನೆರಡು ತಿಂಗಳಿಗೆ ನಮ್ಮೂರಾಗ ಹೊಳಿ ಬಿಡತದ, ರಾಹೇಲ."
ಫಿನ್ಲೆಂಡ್ ಅಂದ್ರ ಹುಬ್ಬಳ್ಳಿ ಆಚೆ,
ಅಜ್ಜಿಗೆ ಅಷ್ಟ ಗೊತ್ತು.

ಆರು ತಿಂಗಳು ಕಲ್ಲಾಗಿ ಮಲಗಿದ ನೀರು
ಒಂದಿನ ರಾತ್ರಿ ಬಂದೂಕು ಹಾರಿಸಿದಂಗ ಒಡೀತಿತ್ತಂತ,
ಊರೆಲ್ಲಾ ಕಂದೀಲು ಹಿಡದು ದಂಡಿಗೆ ನಿಂದರತಿತ್ತಂತ,
ಅವರಪ್ಪ ಬಾಗಿಲ ಚೌಕಟ್ಟಿಗೆ
ಚಾಕುವಿಲೆ ಒಂದು ಗೀರು ಕೊರೀತಿದ್ದನಂತ.
ಮುತ್ತಜ್ಜನ ಕಾಲಕ್ಕ ಒಂದು ವರ್ಷ
ಜೂನ್ ಬಂದರೂ ಬಿಡಲಿಲ್ಲ.
ಗಿಡದ ತೊಗಟಿ ಬೀಸಿ ರೊಟ್ಟಿ ತಿಂದರು.

ಅಜ್ಜಿ ಮಾತಾಡಲಿಲ್ಲ.
ತಾಟಿನಾಗ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಪ್ಯಾಸೆಂಜರಿನ್ಯಾಗ, ಕಟ್ಟಿಗಿ ಹೊಟ್ಟಿನಾಗ ಹೂತು
ಹುಬ್ಬಳ್ಳಿಯಿಂದ ಬರ್ಫಿನ ಗಡ್ಡಿ ತರಿಸಿದಳು,
ಪರಾತದಾಗಿಟ್ಟು ಬಿಸಿನೀರು ಸುರುವಿದಳು.
ಟಪ್!
ಬಾಯಿ ಬಗ್ಗಿ ಕಿವಿ ಹಚ್ಚಿ ಕೂತಳು,
ಹಲಗಿ ಓಣಿ ದಾಟಿ ಹೋಗೋತನ.

ಆ ಅಡಗಿಮನಿ ಚೌಕಟ್ಟಿನ ಮ್ಯಾಲ
ಹನ್ನೊಂದು ಗೀರು ಅದಾವ.
ಕಡೀದು ಓರೆ,
ಅಜ್ಜಿ ಕೈಯಿಂದು.

ಹೊಳಿ ಇಲ್ಲದ ಊರು ನಮ್ಮದು, ಹೋಳಿ ಅದ.
ಬಣ್ಣ ತೊಳಕೊಂಡು, ಫ್ರಿಜ್ಜಿನ ಬರ್ಫ್ ಗ್ಲಾಸಿಗೆ ಹಾಕಿ
ನೀರು ಸುರುವತೀನಿ.
ಸಣ್ಣ ಸಪ್ಪಳ.
ಹನ್ನೆರಡನೇದು ನಾ ಇನ್ನೂ ಕೊರದಿಲ್ಲ.