ಕಡಲ ಹೆಪ್ಪು

ಒಸ್ತ್ರಾವಾದಲ್ಲಿ ಕಡಲಿಲ್ಲ.
ಇರುವುದು ಕಲ್ಲಿದ್ದಲ ದಿಬ್ಬ, ಮುಚ್ಚಿದ ಗಣಿ,
ಮತ್ತು ನನ್ನ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ,
ಮುದುಕ ಒಟಕಾರನ ಅಡುಗೆಮನೆ.

ಅಲ್ಲಿ ಕಿಟಕಿಯ ಕಟ್ಟೆಯ ಮೇಲೆ ಏಳು ಬಾಟಲಿ.
ಎಲ್ಲವೂ ನನ್ನಂಗಡಿಯವೇ, ಸೋಡಾ ಮುಗಿಸಿ ತೊಳೆದಿಟ್ಟವು.
ಒಂದೊಂದಕ್ಕೂ ಇಳಿಬಿಟ್ಟ ಸಣ್ಣ ಕೊಳವೆ,
ಎಣಿಸಿದರೆ ಸೆಕೆಂಡಿಗೊಂದು ಗುಳ್ಳೆ.
"ಅವಕ್ಕೆ ಬಿರುಗಾಳಿ ಬೇಡ, ಉಸಿರು ಸಾಕು," ಅನ್ನುತ್ತಿದ್ದ,
ತನ್ನ ಉಸಿರಿಗಾಗಿ ಮೆಟ್ಟಿಲು ಮೆಟ್ಟಿಲಿಗೂ
ನಿಂತು ಕಾಯುತ್ತಿದ್ದವನು.

ನಾಲ್ಕರಲ್ಲಿ ಹಸಿರು ನೀರು, ಪಾಚಿಯ ಅಂಬಲಿ.
ಮೂರರಲ್ಲಿ ಅದನ್ನು ಉಣ್ಣುವವರು:
ರವೆಯ ಕಾಳಿಗಿಂತ ಸಣ್ಣ, ಧೂಳೆಂದರೆ ಧೂಳು,
ಆದರೆ ಧೂಳು ಜಿಗಿಯುವುದಿಲ್ಲ.
ಕೋಪೆಪಾಡ್.
ಹಣೆಯ ನಡುವೆ ಒಂದೇ ಕಣ್ಣು, ಕೆಂಪು ಚುಕ್ಕೆ.
ಭೂತಗನ್ನಡಿ ಕೊಟ್ಟು ತೋರಿಸಿದ್ದ:
"ನೋಡು, ಟೋಪಿಯ ದೀಪ.
ಮೂವತ್ತೊಂದು ವರ್ಷ ನೆಲದಡಿ ನಾನೂ ಹೀಗೇ ಇದ್ದೆ."

ಇಷ್ಟೆಲ್ಲ ಒಂದು ಮೀನಿಗಾಗಿ.
ಪಡಸಾಲೆಯ ಗಾಜಿನ ತೊಟ್ಟಿ, ಹವಳದ ಸಂದಿ,
ನೀಲಿಯ ಮೇಲೆ ಕಿತ್ತಳೆ ಜರಿ ನೇಯ್ದ ಮ್ಯಾಂಡರಿನ್.
ಸತ್ತದ್ದನ್ನು ಮುಟ್ಟದು, ಒಣಗಿದ್ದನ್ನು ಮೂಸದು,
ಓಡುವುದನ್ನೇ ಹಿಡಿದು ತಿನ್ನುವ ಹಟ.
ದಿನವಿಡೀ ಕಲ್ಲು ಕಲ್ಲಿಗೆ ಮುತ್ತಿಡುತ್ತ ಅಲೆಯುತ್ತದೆ.

ಫೆಬ್ರವರಿಯಲ್ಲಿ ಎದೆ ಕಟ್ಟಿ ಆಸ್ಪತ್ರೆ ಸೇರಿದ.
ಬೀಗದ ಕೈ ನನಗೆ. ಗೋಡೆಯಲ್ಲೊಂದು ಚೀಟಿ.
ರಾತ್ರಿ ದೀಪ ಆರಿಸು, ಪಂಪು ನಿಲ್ಲಿಸು.
ಜರಡಿಯಲ್ಲಿ ಸೋಸಿ ಪಿಚಕಾರಿಯಿಂದ ಕಲ್ಲಿನ ಬುಡಕ್ಕೆ ಬಿಡು.
ಅರ್ಧ ಗಂಟೆಯ ಮೇಲೆ ಪಂಪು. ಮರೆತೀಯ.
ನೀರು ತಿಳಿಯಾದ ಮೇಲಷ್ಟೇ ಅಂಬಲಿ.
ಕೊನೆಗೆ, ಎರಡು ಗೆರೆ ಎಳೆದು: ಕರುಣೆ ಬೇಡ.

ನನಗೆ ಬಂತು.
ಖಾಲಿ ತಟ್ಟೆ ಕಂಡರೆ ಬಡಿಸುವ ಕೈ ನನ್ನದು,
ಹೈಫಾಂಗ್‌ನ ಕಡಲ ದಂಡೆಯಲ್ಲಿ ಅಮ್ಮ ಕಲಿಸಿದ್ದು ಅದೊಂದೇ.
ತಿಳಿಯಾಗುವ ಮುಂಚೆಯೇ ಸುರಿದೆ, ಇನ್ನಷ್ಟು ಸುರಿದೆ,
ಮೂರಕ್ಕೂ ಒಂದೇ ಚಮಚ ಆಡಿಸಿದೆ.
ಐದನೇ ಬೆಳಿಗ್ಗೆ ಬಾಗಿಲು ತೆರೆದರೆ ಕೊಳೆತ ಮೊಟ್ಟೆಯ ನಾತ.
ತಳದಲ್ಲಿ ಬೂದಿ.
ಬಾಟಲಿಗೆ ಬೆರಳಿಂದ ತಟ್ಟಿದೆ. ಒಂದೂ ಜಿಗಿಯಲಿಲ್ಲ.

ಮೀನಿನ ಹೊಟ್ಟೆ ಒಳಗೆ ಸರಿಯಿತು,
ಬೆನ್ನು ಕತ್ತಿಯ ಅಂಚಾಯಿತು.
ಆಸ್ಪತ್ರೆಯಿಂದ ಫೋನು: "ತಿಂತಾ?"
"ತಿಂತು," ಅಂದೆ.
ಆಮೇಲೆ ಎಷ್ಟು ನೀರು ಕುಡಿದರೂ ಬಾಯಿ ಉಪ್ಪುಪ್ಪು.

ಅವನ ಡೈರಿಯಲ್ಲೊಂದು ಹೆಸರು, ದ್ರಾಹೊಮೀರಾ, ಪೊರುಬಾ.
ಮುಂದೆ ಮೂರು ವರ್ಷ ಹಿಂದಿನ ತಾರೀಕು: ಒಂದು ಜಾಡಿ ಕೊಟ್ಟೆ.
ಟ್ರಾಮು ಹಿಡಿದೆ.
ಬಾಗಿಲು ತೆರೆದವಳು ಹೆಸರೂ ಕೇಳದೆ ಮುಖ ನೋಡಿದಳು,
"ಸತ್ತವಾ? ನನ್ನವೂ ಎರಡು ಸಲ ಸತ್ತಿವೆ."
ಹೆಪ್ಪು ಕೇಳಿ ಬಂದ ಪಕ್ಕದ ಮನೆಯವಳಿಗೆ
ಮೊಸರು ಎತ್ತಿಕೊಡುವಷ್ಟೇ ಸಲೀಸಾಗಿ
ಜಾಡಿ ತುಂಬಿಕೊಟ್ಟಳು.
ಕೋಟಿನೊಳಗೆ ಎದೆಗವಚಿ ಹದಿನಾಲ್ಕು ನಿಲ್ದಾಣ ತಂದೆ.
ಕೂಸಿರಬೇಕೆಂದು ಹುಡುಗನೊಬ್ಬ ಎದ್ದು ಜಾಗ ಕೊಟ್ಟ.
ಕೂತೆ. ಅಲ್ಲವೆನ್ನಲಿಲ್ಲ.

ಆಮೇಲೆಲ್ಲ ಚೀಟಿ ಹೇಳಿದಂತೆ.
ಹಸಿರು ಮಾಸುವವರೆಗೆ ಕೈ ಕಟ್ಟಿ ಕೂರುವುದು,
ಅಬ್ಬಾ, ಅಂಗಡಿಯ ಲೆಕ್ಕಕ್ಕಿಂತ ಕಷ್ಟ.

ಏಪ್ರಿಲ್‌ನಲ್ಲಿ ಬಂದ. ಮೂರು ಮಹಡಿಗೆ ನಲವತ್ತು ನಿಮಿಷ.
ಕೋಟೂ ಬಿಚ್ಚದೆ, ದೀಪ ಆರಿಸಿ ಟಾರ್ಚು ಹಿಡಿದ.
ಗಾಜಿನುದ್ದಕ್ಕೂ ಒಂಟಿಗಣ್ಣಿನವರು
ರಾತ್ರಿ ಪಾಳಿಗೆ ಹೊರಟಿದ್ದರು.
ಸಂದಿಯಿಂದ ಮೀನು ಬಂತು, ಬಡಕಲು, ಒಂದನ್ನು ಕಚ್ಚಿತು.

ತಿರುಗಿ ಕಿಟಕಿಯ ಕಡೆ ನೋಡಿದ.
ಬಾಟಲಿಗಳ ಸಾಲಿನಲ್ಲಿ ಸೌತೆ ಉಪ್ಪಿನಕಾಯಿಯ ಜಾಡಿ,
ಮುಚ್ಚಳದ ಮೇಲೆ ಮಾಸಿದ ಶಾಯಿ,
ಮೂರು ವರ್ಷ ಹಿಂದಿನ ತಾರೀಕು, ಅವನದೇ ಕೈ.
ಹೆಬ್ಬೆರಳಿಂದ ಒರೆಸಿ ಓದಿದ, ಮತ್ತೆ ಓದಿದ.
ಬೈಗುಳಕ್ಕೆ ಕಾದು ನಿಂತೆ.

"ಅಂಗಡಿಯಲ್ಲಿ ಖಾಲಿ ಜಾಡಿ ಇದೆಯಾ?" ಎಂದ
ಉಸಿರು ಹುಡುಕಿಕೊಂಡು.
"ಕೆಳಗೆ ನೀನೂ ಒಂದು ಇಟ್ಟುಕೋ."